ಇನ್ನೂ ಹುಟ್ಟದವರ ಪರವಾಗಿ ದಾವೆ ಹೂಡಬಹುದೇ?

ಪ್ರಶ್ನೆ: ನನ್ನ ಮಗಳು ಈಗ ಗರ್ಭಿಣಿ. ಹವಾಮಾನ ಬದಲಾವಣೆಯ ಸುದ್ದಿ ಓದಿದಾಗಲೆಲ್ಲ ಹುಟ್ಟಲಿರುವ ಆ ಮಗುವಿನ ಯೋಚನೆ ಬರುತ್ತದೆ. ಇನ್ನೂ ಹುಟ್ಟದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ, ಕಾನೂನಿನಲ್ಲಿ ಹಕ್ಕು ಎಂಬುದು ಇದೆಯೇ? ಇದ್ದರೆ ಅವರ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಯಾರು? ಹಾಗೆ ಹತ್ತಿ ಗೆದ್ದವರಿದ್ದಾರೆಯೇ? ಗೆದ್ದದ್ದರಿಂದ ಏನಾದರೂ ಬದಲಾಯಿತೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಗರ್ಭದಲ್ಲಿರುವ ಮಗುವಿಗೆ ಕಾನೂನು ಕೆಲವು ಹಕ್ಕುಗಳನ್ನು ಕಾಯ್ದಿರಿಸಿದೆ. ಇನ್ನೂ ಗರ್ಭಕ್ಕೇ ಬಾರದವರಿಗೆ, ಎಂದರೆ ನಿಜವಾದ ಅರ್ಥದ ಮುಂದಿನ ಪೀಳಿಗೆಗಳಿಗೆ, ಅವರದೇ ಹೆಸರಿನಲ್ಲಿ ಜಾರಿ ಮಾಡಿಸಿಕೊಳ್ಳಬಹುದಾದ ಹಕ್ಕು ಇದೆಯೆಂದು ಒಪ್ಪಿದ ನ್ಯಾಯಾಲಯಗಳು ಬೆರಳೆಣಿಕೆಯಷ್ಟು. ಇಷ್ಟಕ್ಕೇ ನಿರಾಶರಾಗಬೇಡಿ. ಇತ್ತೀಚಿನ ವರ್ಷಗಳಲ್ಲಿ ಕೆಲವು ನ್ಯಾಯಾಲಯಗಳು ಪ್ರಶ್ನೆಯನ್ನೇ ತಿರುಗಿಸಿ ಕೇಳಲು ತೊಡಗಿವೆ: ಮುಂದೆ ಬರುವವರ ಕೈ ಕಟ್ಟಿಹಾಕುವ ಅಧಿಕಾರ ಈಗಿನವರಿಗೆ ಎಲ್ಲಿಂದ ಬಂತು? ಈ ಪ್ರಶ್ನೆಯಿಂದ ಹೊರಟ ಮೊಕದ್ದಮೆಗಳು ಗಟ್ಟಿಯಾಗಿ ನಿಂತಿವೆ. ನನ್ನ ಉತ್ತರವೆಲ್ಲ ಇದರ ಸುತ್ತಲೇ ಇದೆ.

ಹುಟ್ಟದವರ ಬಗ್ಗೆ ಕಾನೂನು ಯೋಚಿಸುತ್ತಿರುವುದು ಇದೇ ಮೊದಲಲ್ಲ. ಗರ್ಭಸ್ಥ ಶಿಶುವಿಗೆ ಲಾಭವಾಗುವ ಸಂಗತಿಗಳಲ್ಲಿ ಅದು ಆಗಲೇ ಹುಟ್ಟಿದೆ ಎಂದು ಭಾವಿಸಬೇಕೆಂಬ ನಿಯಮ ರೋಮನ್ ಕಾನೂನಿನಷ್ಟು ಹಳೆಯದು. ಮಿತಾಕ್ಷರ ಪದ್ಧತಿಯ ಹಿಂದೂ ಕಾನೂನು ಇನ್ನೂ ಮುಂದೆ ಹೋಗುತ್ತದೆ. ಕುಟುಂಬದ ಯಜಮಾನ ತಕ್ಕ ಅಗತ್ಯವಿಲ್ಲದೆ ಪಿತ್ರಾರ್ಜಿತ ಆಸ್ತಿಯನ್ನು ಮಾರಿದರೆ, ಆಗ ಗರ್ಭದಲ್ಲಿದ್ದವನು ಹುಟ್ಟಿ ಬೆಳೆದ ಮೇಲೆ ಆ ಮಾರಾಟವನ್ನು ಪ್ರಶ್ನಿಸಬಹುದು. ಮಾರಾಟದ ಹೊತ್ತಿಗೆ ಗರ್ಭದಲ್ಲೂ ಇಲ್ಲದಿದ್ದವನಿಗೆ ಸಾಮಾನ್ಯವಾಗಿ ಆ ಅವಕಾಶವಿಲ್ಲ. ಇಂದಿನ ಹವಾಮಾನ ಮೊಕದ್ದಮೆಗಳೂ ಬಂದು ಮುಗ್ಗರಿಸುವುದು ಇದೇ ಗೆರೆಯ ಬಳಿ.

ಆಸ್ತಿ ಕಾನೂನಿನಲ್ಲಿ ಇನ್ನೊಂದು ನಿಯಮವಿದೆ, ಹವಾಮಾನದ ಚರ್ಚೆಯಲ್ಲಿ ಅದನ್ನು ಯಾರೂ ನೆನೆಯುವುದಿಲ್ಲ. ಒಬ್ಬ ವ್ಯಕ್ತಿ ತನ್ನ ಜಮೀನನ್ನು ಮುಂದಿನ ಇನ್ನೂರು ವರ್ಷ ಯಾರು, ಹೇಗೆ ಅನುಭವಿಸಬೇಕು ಎಂದು ಬರೆದಿಟ್ಟು ಸಾಯಲು ಕಾನೂನು ಬಿಡುವುದಿಲ್ಲ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 13ನೇ ಕಲಮು ಹುಟ್ಟದವರ ಹೆಸರಿಗೆ ಆಸ್ತಿ ಇಡಲು ದಾರಿ ಮಾಡಿಕೊಟ್ಟರೆ, ಮರುಕಲಮೇ ಅದಕ್ಕೆ ಕಾಲದ ಮಿತಿ ಹಾಕುತ್ತದೆ. ಆಗ ಬದುಕಿರುವವರ ಆಯುಸ್ಸು, ಅದರ ಮೇಲೆ ಮುಂದಿನವನು ಪ್ರಾಪ್ತವಯಸ್ಕನಾಗುವ ತನಕದ ಅವಧಿ, ಅಷ್ಟೇ. ಇಂಗ್ಲಿಷ್ ಕಾನೂನಿನಲ್ಲಿಯೂ ಶತಮಾನಗಳಿಂದ ಇಂಥದೇ ನಿಯಮವಿತ್ತು. ಹಿಂದಿನವರ ಇಚ್ಛೆ ಮುಂದಿನವರ ಬದುಕನ್ನು ಅನಂತಕಾಲ ಆಳಬಾರದು ಎಂಬುದು ಅದರ ತಿರುಳು. ಒಂದು ಎಕರೆ ಜಮೀನಿನ ಬಗ್ಗೆ ಇಷ್ಟು ಎಚ್ಚರ ವಹಿಸಿದ ಕಾನೂನು ಇಡೀ ವಾಯುಮಂಡಲದ ವಿಷಯದಲ್ಲಿ ಬಹುಕಾಲ ಸುಮ್ಮನಿತ್ತು.

ವಾಯುಮಂಡಲದಲ್ಲಿ ನಡೆಯುತ್ತಿರುವುದು ಅದೇ ಅಧಿಕಾರದ ಚಲಾವಣೆ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಇಂದು ಹೊರಬಿದ್ದ ಅನಿಲದ ಒಂದು ಪಾಲು ಸಾವಿರ ವರ್ಷದ ಮೇಲೂ ಅಲ್ಲೇ ಇರುತ್ತದೆ. ಸಮುದ್ರಮಟ್ಟವಂತೂ ನಾವು ಹೊರಸೂಸುವುದನ್ನು ನಿಲ್ಲಿಸಿದ ಮೇಲೂ ಶತಮಾನಗಳ ಕಾಲ ಏರುತ್ತಲೇ ಹೋಗುತ್ತದೆ. ಶೇ 50ರ ಸಾಧ್ಯತೆಯೊಂದಿಗೆ ತಾಪಮಾನದ ಏರಿಕೆಯನ್ನು 1.5 ಡಿಗ್ರಿಯಲ್ಲಿ ತಡೆಯಬೇಕಿದ್ದರೆ 2020ರ ಆರಂಭದಿಂದ ಇಡೀ ಜಗತ್ತು ಹೊರಸೂಸಬಹುದಾಗಿದ್ದದ್ದು ಸುಮಾರು 50,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿ ಲೆಕ್ಕ ಹಾಕಿತ್ತು. ನಾವು ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಹೊರಸೂಸುತ್ತಿದ್ದೇವೆ. ಹೊರಸೂಸಬಹುದಾದ ಈ ಒಟ್ಟು ಪ್ರಮಾಣವನ್ನು ಬಾಬತ್ತು ಎನ್ನೋಣ; ಭಾಗಿಸಿ ನೋಡಿದರೆ ಅದು ಹನ್ನೆರಡು ಹದಿಮೂರು ವರ್ಷದ ಬಾಬತ್ತು, ಅದರಲ್ಲಿ ಅರ್ಧದಷ್ಟು ಆಗಲೇ ಕಳೆದಿದೆ. ನಿಮ್ಮ ಮೊಮ್ಮಗು 2100ನೇ ಇಸವಿಯಲ್ಲಿ ಎಪ್ಪತ್ತರ ಆಸುಪಾಸಿನಲ್ಲಿರುತ್ತದೆ. ವಿಜ್ಞಾನಿಗಳ ನಕ್ಷೆಗಳು ಬಹುಪಾಲು ಕೊನೆಗೊಳ್ಳುವುದು ಆ ವರ್ಷಕ್ಕೆ. ಆ ಮಗುವಿನ ಮೊಮ್ಮಕ್ಕಳ ಬದುಕು ಶುರುವಾಗುವುದು ನಕ್ಷೆಯ ಕೊನೆಯ ಅಂಚಿನಲ್ಲಿ.

ಹುಟ್ಟದವರ ಹೆಸರೆತ್ತಿಯೇ ನ್ಯಾಯಾಲಯದ ಬಾಗಿಲು ತೆರೆಸಿದ ಮೊದಲ ದೊಡ್ಡ ಪ್ರಕರಣ ಫಿಲಿಪ್ಪೀನ್ಸಿನದು. ವಕೀಲ ಆಂಟೋನಿಯೊ ಒಪೋಸ ಮಕ್ಕಳ ಗುಂಪೊಂದರ ಪರವಾಗಿ, ಮತ್ತು ಇನ್ನೂ ಹುಟ್ಟದ ಪೀಳಿಗೆಗಳ ಪರವಾಗಿಯೂ, ಮರ ಕಡಿಯುವ ಪರವಾನಗಿಗಳನ್ನೆಲ್ಲ ರದ್ದು ಮಾಡಬೇಕೆಂದು ದಾವೆ ಹೂಡಿದರು. ಆ ದಾವಾಪತ್ರದ ಅಂಕಿಗಳನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಇಪ್ಪತ್ತೈದು ವರ್ಷ ಹಿಂದೆ ದೇಶದಲ್ಲಿ 160 ಲಕ್ಷ ಹೆಕ್ಟೇರ್ ಮಳೆಕಾಡಿತ್ತು. 1987ರ ಉಪಗ್ರಹ ಚಿತ್ರಗಳ ಪ್ರಕಾರ ಉಳಿದದ್ದು 12 ಲಕ್ಷ ಹೆಕ್ಟೇರ್. ಸರ್ಕಾರ ಕಡಿಯಲು ಪರವಾನಗಿ ಕೊಟ್ಟಿದ್ದದ್ದು 38.9 ಲಕ್ಷ ಹೆಕ್ಟೇರಿಗೆ. ಇದ್ದ ಕಾಡಿಗಿಂತ ಮೂರು ಪಟ್ಟು ಹೆಚ್ಚು ಕಾಡನ್ನು ಕಾಗದದ ಮೇಲೆ ಆಗಲೇ ಹಂಚಿಯಾಗಿತ್ತು. ಇದಕ್ಕಿಂತ ಹೆಚ್ಚಿನ ವಾದ ಬೇಕೇ? ಕೆಳಗಿನ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. 1993ರ ಜುಲೈ 30ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ಹಿಲಾರಿಯೊ ದಾವಿದೆ, ಮಕ್ಕಳು ತಮ್ಮ ಪರವಾಗಿಯೂ ಮುಂದಿನ ಪೀಳಿಗೆಗಳ ಪರವಾಗಿಯೂ ದಾವೆ ಹೂಡಲು ಅರ್ಹರು ಎಂದರು. ಸಮತೋಲಿತ, ಆರೋಗ್ಯಕರ ಪರಿಸರದ ಹಕ್ಕು ಮನುಷ್ಯನ ಉಳಿವಿಗೇ ಸಂಬಂಧಿಸಿದ್ದು, ಅದನ್ನು ಸಂವಿಧಾನದಲ್ಲಿ ಬರೆಯುವ ಅಗತ್ಯವೂ ಇಲ್ಲ ಎಂಬಷ್ಟು ದೂರ ಹೋದರು.

ಜಗತ್ತಿನ ಪರಿಸರ ವಕೀಲರೆಲ್ಲ ಉಲ್ಲೇಖಿಸುವ ತೀರ್ಪು ಅದು. ಆದರೆ ಅದರ ಮಿತಿಗಳನ್ನೂ ನಿಮಗೆ ಹೇಳಬೇಕು. ತೀರ್ಪು ದಾವೆಗೆ ಜೀವ ಕೊಟ್ಟಿತೇ ಹೊರತು ಪರವಾನಗಿಗಳನ್ನು ರದ್ದು ಮಾಡಲಿಲ್ಲ. ಪ್ರಕರಣ ವಿಚಾರಣೆಗಾಗಿ ಕೆಳಗೆ ಹೋಯಿತು. ಇಷ್ಟಕ್ಕೂ ಅರ್ಜಿದಾರರಲ್ಲಿ ಜೀವಂತ ಮಕ್ಕಳೇ ಇದ್ದುದರಿಂದ, ಹುಟ್ಟದವರ ಕುರಿತ ಮಾತು ತೀರ್ಪಿಗೆ ಅನಿವಾರ್ಯವಾಗಿರಲಿಲ್ಲ ಎಂಬ ಟೀಕೆಯಿದೆ. 2015ರಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿ ಮಾರ್ವಿಕ್ ಲಿಯೊನೆನ್ ಇನ್ನೊಂದು ಪ್ರಕರಣದ ಪ್ರತ್ಯೇಕ ಅಭಿಪ್ರಾಯದಲ್ಲಿ ಇದಕ್ಕಿಂತ ಗಂಭೀರವಾದ ಆಕ್ಷೇಪ ಎತ್ತಿದರು. ನೀವು ಮುಂದಿನ ಪೀಳಿಗೆಯ ಪರವಾಗಿ ದಾವೆ ಹೂಡಿ ಸೋತರೆ ಆ ಸೋಲು ಅವರಿಗೂ ಅಂಟಿಕೊಳ್ಳುತ್ತದೆಯೇ? ನಿಮ್ಮನ್ನು ಅವರು ಆರಿಸಿಲ್ಲ, ನಿಮ್ಮ ವಾದವನ್ನು ಒಪ್ಪಿಲ್ಲ. ಆದರೂ ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ಕೆದಕುವಂತಿಲ್ಲ ಎಂಬ ನಿಯಮ ಅವರ ಬಾಯಿ ಮುಚ್ಚಿಸಬಹುದು. ಹುಟ್ಟದವರ ಹೆಸರಿನಲ್ಲಿ ಅರ್ಜಿ ಸಿದ್ಧಪಡಿಸುವ ಪ್ರತಿಯೊಬ್ಬರೂ ಈ ಅಪಾಯವನ್ನು ಯೋಚಿಸಲೇಬೇಕು.

ಬಹುಶಃ ಇಂಥ ತೊಡಕುಗಳಿಂದಲೇ ಮುಂದಿನ ನ್ಯಾಯಾಲಯಗಳು ಎಚ್ಚರದಿಂದ ಹೆಜ್ಜೆ ಇಟ್ಟವು. ನೆದರ್ಲೆಂಡ್ಸಿನಲ್ಲಿ ಉರ್ಜೆಂಡಾ ಎಂಬ ಸಂಸ್ಥೆ ಸರ್ಕಾರದ ಮೇಲೆ ಹೂಡಿದ ದಾವೆಯಲ್ಲಿ 2015ರ ಮೊದಲ ತೀರ್ಪು ಮುಂದಿನ ಪೀಳಿಗೆಗಳ ಪ್ರಾತಿನಿಧ್ಯವನ್ನು ಒಪ್ಪಿತ್ತು. ಮೇಲ್ಮನವಿ ನ್ಯಾಯಾಲಯ, ಈಗ ಬದುಕಿರುವವರಿಗೇ ಸಾಕಷ್ಟು ಅಪಾಯವಿರುವಾಗ ಆ ಪ್ರಶ್ನೆಗೆ ಕೈಹಾಕುವ ಅಗತ್ಯವಿಲ್ಲ ಎಂದು ಬದಿಗಿಟ್ಟಿತು. 2019ರ ಡಿಸೆಂಬರ್ 20ರಂದು ಅಲ್ಲಿನ ಸುಪ್ರೀಂ ಕೋರ್ಟ್ ಜೀವದ ಹಕ್ಕು, ಖಾಸಗಿ ಮತ್ತು ಕುಟುಂಬ ಜೀವನದ ಹಕ್ಕುಗಳ ಆಧಾರದ ಮೇಲೆ, 1990ಕ್ಕೆ ಹೋಲಿಸಿ 2020ರ ಕೊನೆಗೆ ಶೇ 25ರಷ್ಟಾದರೂ ಹೊರಸೂಸುವಿಕೆ ಕಡಿಮೆ ಮಾಡಲೇಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಗೆದ್ದದ್ದು ಹುಟ್ಟದವರ ಹೆಸರಿನಲ್ಲಿ ಅಲ್ಲ, ಆದರೆ ಲಾಭ ಅವರಿಗೂ ಇದೆ.

ಈಗ ಜರ್ಮನಿಗೆ ಬರೋಣ. ಈ ವಿಷಯದಲ್ಲಿ ಇದುವರೆಗೆ ಬಂದ ತೀರ್ಪುಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು 2021ರ ಮಾರ್ಚ್ 24ರ ಜರ್ಮನ್ ಸಾಂವಿಧಾನಿಕ ನ್ಯಾಯಾಲಯದ ಆದೇಶ. 2019ರ ಹವಾಮಾನ ಕಾಯ್ದೆಯಲ್ಲಿ 2030ರೊಳಗೆ ಶೇ 55ರಷ್ಟು ಕಡಿತ ಎಂಬ ಗುರಿಯಿತ್ತು. 2031ರಿಂದ ಮುಂದೇನು ಎಂಬುದನ್ನು ಕಾಯ್ದೆ ಹೇಳಿರಲಿಲ್ಲ, ಆಮೇಲೆ ನೋಡೋಣ ಎಂದು ಬಿಟ್ಟಿತ್ತು. ನ್ಯಾಯಾಧೀಶರು ಲೆಕ್ಕಕ್ಕೆ ಕುಳಿತರು. ಸರ್ಕಾರಕ್ಕೆ ಸಲಹೆ ಕೊಡುವ ಪರಿಸರ ತಜ್ಞರ ಮಂಡಳಿ, 2020ರಿಂದ ಮುಂದಕ್ಕೆ ಜರ್ಮನಿಯ ಪಾಲಿಗೆ ಉಳಿದಿರುವುದು ಸುಮಾರು 670 ಕೋಟಿ ಟನ್ ಎಂದು ಅಂದಾಜಿಸಿತ್ತು. ಕಾಯ್ದೆಯ ಪ್ರಕಾರವೇ ನಡೆದರೂ 2030ರ ಹೊತ್ತಿಗೆ ಅದರ ಬಹುಪಾಲು ಖರ್ಚಾಗಿ, ಆಮೇಲೆ ಉಳಿಯುವುದು 100 ಕೋಟಿ ಟನ್ನಿಗೂ ಕಡಿಮೆ. ಅಷ್ಟರಲ್ಲಿ ಮುಂದಿನವರು ಎಷ್ಟು ಕಾಲ ಬದುಕಬೇಕು?

ಇಲ್ಲಿ ನ್ಯಾಯಾಲಯದ ತರ್ಕ ಪರಿಸರದಿಂದ ಸ್ವಾತಂತ್ರ್ಯದ ಕಡೆಗೆ ಹೊರಳುತ್ತದೆ. ಪ್ರಯಾಣ, ಉದ್ಯೋಗ, ಮನೆ ಕಟ್ಟುವುದು, ವ್ಯಾಪಾರ, ಈಗಿನ ಬದುಕಿನಲ್ಲಿ ಸ್ವಾತಂತ್ರ್ಯದ ಯಾವ ಬಳಕೆಯೂ ಸ್ವಲ್ಪವಾದರೂ ಇಂಗಾಲವನ್ನು ಹೊರಬಿಡುತ್ತದೆ. 2030ರೊಳಗೆ ಎಲ್ಲವನ್ನೂ ಬಳಸಿ ಮುಗಿಸಿದರೆ, ಆಮೇಲೆ ಬರುವ ಸರ್ಕಾರಗಳು ಜನರ ಬದುಕಿನ ಎಲ್ಲ ಮೂಲೆಗೂ ಕಠಿಣ ನಿರ್ಬಂಧ ಹೇರದೆ ಬೇರೆ ದಾರಿಯೇ ಇರುವುದಿಲ್ಲ. ಆ ನಿರ್ಬಂಧಗಳನ್ನು ಇಂದಿನ ಕಾಯ್ದೆಯೇ ನಿಶ್ಚಯಿಸಿಬಿಟ್ಟಿದೆ. ಆದ್ದರಿಂದ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿರುವುದು ಈಗಲೇ, ಅದನ್ನು ಪ್ರಶ್ನಿಸುವ ಹಕ್ಕೂ ಈಗಲೇ ಹುಟ್ಟುತ್ತದೆ ಎಂದಿತು ನ್ಯಾಯಾಲಯ. ಒಂದು ಪೀಳಿಗೆ ಬಾಬತ್ತಿನ ದೊಡ್ಡ ಪಾಲನ್ನು ಬಳಸಿಕೊಂಡು, ಕಡಿತದ ಹೊರೆಯನ್ನೆಲ್ಲ ಮುಂದಿನವರ ತಲೆಗೆ ಕಟ್ಟುವಂತಿಲ್ಲ ಎಂಬುದು ತೀರ್ಪಿನ ಸಾರ. ಗಮನಿಸಿ, ಇದೇ ನ್ಯಾಯಾಲಯ ಇನ್ನೂ ಹುಟ್ಟದವರಿಗೆ ವೈಯಕ್ತಿಕ ಮೂಲಭೂತ ಹಕ್ಕು ಸದ್ಯಕ್ಕಿಲ್ಲ ಎಂದೂ ಸ್ಪಷ್ಟವಾಗಿ ಬರೆದಿದೆ. ಆದರೆ 1994ರಲ್ಲಿ ಸಂವಿಧಾನಕ್ಕೆ ಸೇರಿಸಿದ 20ಎ ವಿಧಿ ಮುಂದಿನ ಪೀಳಿಗೆಗಳ ಹೊಣೆಯನ್ನು ಪ್ರಭುತ್ವದ ಮೇಲೆ ಹೊರಿಸುತ್ತದೆ; ಹಕ್ಕುದಾರ ಇಲ್ಲದಿದ್ದರೂ ಕರ್ತವ್ಯ ಇದೆ, ಅದು ನ್ಯಾಯಾಲಯದಲ್ಲಿ ತಪಾಸಣೆಗೆ ಒಳಪಡುತ್ತದೆ. ಕೆಲವೇ ತಿಂಗಳಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು: 2030ಕ್ಕೆ ಶೇ 65, 2040ಕ್ಕೆ ಶೇ 88, 2045ಕ್ಕೆ ನಿವ್ವಳ ಹೊರಸೂಸುವಿಕೆ ಸೊನ್ನೆ.

ಇದೇ ದಾರಿಯಲ್ಲಿ ನಡೆದದ್ದು ದಕ್ಷಿಣ ಕೊರಿಯ. ಆ ಪ್ರಕರಣ ನಿಮಗೆ ತೀರ ಹತ್ತಿರದ್ದು ಅನ್ನಿಸಬಹುದು. 2022ರಲ್ಲಿ ಅಲ್ಲಿ 62 ಮಕ್ಕಳು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದಾಗ ಅರ್ಜಿದಾರರಲ್ಲಿ ಒಬ್ಬರು ಇಪ್ಪತ್ತು ವಾರದ ಗರ್ಭಸ್ಥ ಶಿಶು. ಮನೆಯವರು ಆ ಶಿಶುವಿಗೆ ಪ್ರೀತಿಯಿಂದ ಇಟ್ಟಿದ್ದ ಹೆಸರು ಮರಕುಟಿಗ. ಪ್ರಕರಣ ಆ ಹೆಸರಿನಿಂದಲೇ ಪ್ರಸಿದ್ಧವಾಯಿತು. ತೀರ್ಪು ಬಂದಾಗ ಮಗು ಹುಟ್ಟಿ ಓಡಾಡುವ ವಯಸ್ಸಾಗಿತ್ತು. 2024ರ ಆಗಸ್ಟ್ 29ರಂದು ನ್ಯಾಯಾಲಯ, 2031ರಿಂದ 2049ರವರೆಗೆ ಯಾವ ಕಡಿತದ ಗುರಿಯನ್ನೂ ಹೇಳದ ಕಾಯ್ದೆಯ ಭಾಗ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು ಸರ್ವಾನುಮತದಿಂದ ಹೇಳಿ, 2026ರ ಫೆಬ್ರವರಿ 28ರೊಳಗೆ ಸರಿಪಡಿಸುವಂತೆ ಸಂಸತ್ತಿಗೆ ಗಡುವು ಕೊಟ್ಟಿತು. ಜರ್ಮನಿಯಿಂದ ಕೊರಿಯಕ್ಕೆ ಒಂದೇ ಪ್ರಶ್ನೆ ದಾಟಿಬಂದದ್ದು ನೋಡಿ: ನಿಮ್ಮ ಯೋಜನೆಯಲ್ಲಿ ನಡುವಿನ ವರ್ಷಗಳು ಎಲ್ಲಿ ಹೋದವು?

ಹುಟ್ಟದವರ ಹಕ್ಕಿಗಿಂತ ಈ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಕಾರಣವಿದೆ. ದೂರದ ಗುರಿ ಘೋಷಿಸುವುದರಿಂದ ಯಾವ ಸರ್ಕಾರಕ್ಕೂ ನಷ್ಟವಿಲ್ಲ. 2050ಕ್ಕೆ, 2070ಕ್ಕೆ ಎಂದು ಹೇಳಿದವರು ಆಗ ಅಧಿಕಾರದಲ್ಲಿರುವುದಿಲ್ಲ. ವರ್ಷವಾರು ಗುರಿ, ಬಾಬತ್ತಿನ ಲೆಕ್ಕ, ತಪ್ಪಿದರೆ ಏನು ಎಂಬ ಕಲಮು ಬಂದಾಗ ಮಾತ್ರ ಹೊಣೆ ಈಗಿನವರ ಹೆಗಲಿಗೆ ಬರುತ್ತದೆ. ನ್ಯಾಯಾಲಯಕ್ಕೂ ಇದನ್ನು ಪರಿಶೀಲಿಸುವುದು ಸುಲಭ, ಏಕೆಂದರೆ ಹವಾಮಾನ ನೀತಿಯನ್ನು ನ್ಯಾಯಾಧೀಶರೇ ರೂಪಿಸಿದಂತಾಗುವುದಿಲ್ಲ. ಲೆಕ್ಕ ಕೊಡಿ ಎಂದು ಕೇಳಿದಂತಾಗುತ್ತದೆ, ಅಷ್ಟೇ.

ಸೋಲುಗಳೂ ಅನೇಕ ಇವೆ. ಅಮೆರಿಕದಲ್ಲಿ 21 ಮಂದಿ ಮಕ್ಕಳು ಮತ್ತು ಯುವಜನರು 2015ರಲ್ಲಿ ಹೂಡಿದ ಜೂಲಿಯಾನ ಪ್ರಕರಣದಲ್ಲಿ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಮುಂದಿನ ಪೀಳಿಗೆಗಳ ಪೋಷಕನಾಗಿ ಸೇರಿದ್ದರು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ, ಹಾನಿ ನಿಜ, ಸರ್ಕಾರದ ಪಾತ್ರವೂ ನಿಜ, ಆದರೆ ಪರಿಹಾರ ಕೊಡುವುದು ನಮ್ಮ ಕೈಯಲ್ಲಿಲ್ಲ, ಶಾಸಕಾಂಗದ ಬಳಿ ಹೋಗಿ ಎಂದು ಎರಡು–ಒಂದರ ಬಹುಮತದಿಂದ ಕಳುಹಿಸಿತು. ಮತ ಹಾಕುವ ವಯಸ್ಸಾಗದವರಿಗೆ, ಹುಟ್ಟೇ ಇಲ್ಲದವರಿಗೆ, ಶಾಸಕಾಂಗದ ಬಳಿ ಹೋಗಿ ಎನ್ನುವುದು ನನಗೆ ನ್ಯಾಯವೆಂದು ತೋರುವುದಿಲ್ಲ. 2025ರಲ್ಲಿ ಆ ಪ್ರಕರಣ ಕೊನೆಗೊಂಡಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಮುಂದೆ 2019ರಲ್ಲಿ 16 ಮಕ್ಕಳು ತಂದ ದೂರು ಮತ್ತು ಪೋರ್ಚುಗಲ್‌ನ ಆರು ಮಂದಿ ಯುವಜನರು ಮೂವತ್ತಕ್ಕೂ ಹೆಚ್ಚು ದೇಶಗಳ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ತಂದ ದೂರು, ಎರಡೂ ದೂರಿನ ತಿರುಳಿನ ಬಗ್ಗೆ ತೀರ್ಮಾನ ಸಿಗದೆ ಹಿಂದಿರುಗಿದವು. ಮೊದಲು ನಿಮ್ಮ ದೇಶದ ನ್ಯಾಯಾಲಯಗಳಿಗೆ ಹೋಗಿಬನ್ನಿ ಎಂಬುದು ಎರಡರಲ್ಲೂ ಬಂದ ಮಾತು. ಭಾರತದಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳು 2017ರಲ್ಲಿ ಹಸಿರು ನ್ಯಾಯಮಂಡಳಿಗೆ ಸಲ್ಲಿಸಿದ್ದ ಅರ್ಜಿ 2019ರಲ್ಲಿ ವಜಾ ಆಯಿತು. 2024ರಲ್ಲಿ ಮಾತ್ರ ಅಲ್ಲಿನ ಸುಪ್ರೀಂ ಕೋರ್ಟ್, ಬೇರೊಂದು ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿತು.

ಸಂವಿಧಾನದಲ್ಲೇ ಸ್ಪಷ್ಟ ಪದಗಳಿದ್ದರೆ ಹಾದಿ ಸಲೀಸು. ಅಮೆರಿಕದ ಮೊಂಟಾನ ರಾಜ್ಯದ 1972ರ ಸಂವಿಧಾನ ಶುಚಿಯಾದ, ಆರೋಗ್ಯಕರ ಪರಿಸರವನ್ನು ಈಗಿನ ಮತ್ತು ಮುಂದಿನ ಪೀಳಿಗೆಗಳಿಗಾಗಿ ಕಾಪಾಡಬೇಕು ಎನ್ನುತ್ತದೆ. ಯೋಜನೆಗಳಿಗೆ ಅನುಮತಿ ಕೊಡುವಾಗ ಹಸಿರುಮನೆ ಅನಿಲಗಳನ್ನು ಲೆಕ್ಕಿಸಬಾರದು ಎಂದು ರಾಜ್ಯ ಮಾಡಿದ್ದ ಕಾಯ್ದೆಯನ್ನು 16 ಯುವಜನರು ಪ್ರಶ್ನಿಸಿದರು. 2023ರಲ್ಲಿ ಗೆದ್ದರು, 2024ರ ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಗೆಲುವನ್ನು ಎತ್ತಿಹಿಡಿಯಿತು.

ಸ್ವಾತಂತ್ರ್ಯದ ತರ್ಕ ಹವಾಮಾನದ ಆಚೆಗೂ ಹರಡುತ್ತಿದೆ. ಫ್ರಾನ್ಸಿನಲ್ಲಿ ಪರಮಾಣು ತ್ಯಾಜ್ಯವನ್ನು ಬ್ಯೂರ್ ಎಂಬಲ್ಲಿ ನೆಲದಾಳದಲ್ಲಿ ಹೂಳುವ ಕಾನೂನನ್ನು ಪರಿಶೀಲಿಸಿದ ಸಾಂವಿಧಾನಿಕ ಮಂಡಳಿ, 2023ರ ಅಕ್ಟೋಬರ್ 27ರಂದು, ಇಂದಿನ ಅಗತ್ಯಕ್ಕಾಗಿ ಮಾಡುವ ಆಯ್ಕೆಗಳು ಮುಂದಿನವರ ಆಯ್ಕೆಯ ಸ್ವಾತಂತ್ರ್ಯವನ್ನು ಕಾಯ್ದಿರಬೇಕು ಎಂದಿತು. ಕಾನೂನು ಬಿದ್ದುಹೋಗಲಿಲ್ಲ. ಹೂಳಿದ್ದನ್ನು ಕನಿಷ್ಠ ನೂರು ವರ್ಷದ ತನಕ ಮರಳಿ ಹೊರತೆಗೆಯಲು ಸಾಧ್ಯವಿರಬೇಕು ಎಂಬ ಷರತ್ತು ಅದರಲ್ಲಿ ಇದ್ದದ್ದು ಅದನ್ನು ಉಳಿಸಿದ ಕಾರಣಗಳಲ್ಲಿ ಒಂದು. ವಾಯುಮಂಡಲಕ್ಕೆ ಬಿಟ್ಟ ಅನಿಲವನ್ನು ಹಾಗೆ ಹೊರತೆಗೆಯುವ ಅನುಕೂಲ ಹೆಚ್ಚುಕಡಿಮೆ ಇಲ್ಲ. ಆದ್ದರಿಂದ ಅದೇ ಮಾನದಂಡ ಇಲ್ಲಿ ಇನ್ನಷ್ಟು ಬಿಗಿಯಾಗಬೇಕು.

ಎರಡು ಆಕ್ಷೇಪಗಳನ್ನು ನೀವು ಎಲ್ಲಾದರೂ ಕೇಳುವಿರಿ, ಅವಕ್ಕೆ ಉತ್ತರ ಸಿದ್ಧವಿರಲಿ. ಮೊದಲನೆಯದು ತಾತ್ತ್ವಿಕ: ನೀತಿ ಬದಲಾದರೆ ಯಾರು ಯಾರನ್ನು ಯಾವಾಗ ಮದುವೆಯಾಗುತ್ತಾರೆ ಎಂಬುದೂ ಬದಲಾಗಿ ಹುಟ್ಟುವವರೇ ಬೇರೆಯಾಗುತ್ತಾರೆ, ಹೀಗಿರುವಾಗ ಹಾನಿಯಾದದ್ದು ಯಾರಿಗೆ ಎಂಬ ಪ್ರಶ್ನೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ಅದು ನಿಜಕ್ಕೂ ಕಠಿಣ. ಕಾನೂನಿಗೆ ಅಷ್ಟು ಕಠಿಣವಲ್ಲ. ಕಳಪೆಯಾಗಿ ಕಟ್ಟಿದ ಶಾಲೆಯ ಚಾವಣಿ ಹತ್ತು ವರ್ಷದ ಮೇಲೆ ಆರು ವರ್ಷದ ಮಗುವಿನ ಮೇಲೆ ಕುಸಿದರೆ, ಕಟ್ಟಿದಾಗ ಆ ಮಗು ಹುಟ್ಟಿರಲಿಲ್ಲ ಎಂದು ಗುತ್ತಿಗೆದಾರ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಯಾರೇ ಆಗಲಿ, ಅಲ್ಲಿ ಕೂರುವ ಮಗುವಿನ ಬಗ್ಗೆ ಎಚ್ಚರ ವಹಿಸುವ ಕರ್ತವ್ಯ ಅವನಿಗೆ ಕಟ್ಟುವಾಗಲೇ ಇತ್ತು.

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ: ಇಂದಿನ ಬಡವರಿಗೇ ನ್ಯಾಯ ಸಿಕ್ಕಿಲ್ಲ, ಇನ್ನು ನಾಳಿನವರ ಮಾತೇಕೆ? ಮುಂದಿನ ಪೀಳಿಗೆಯ ಹೆಸರು ಹೇಳಿ ವಿದ್ಯುತ್ತನ್ನೇ ಕಾಣದವರಿಗೆ ಮಿತವ್ಯಯ ಬೋಧಿಸುವುದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. 1992ರ ಹವಾಮಾನ ಒಪ್ಪಂದ 3ನೇ ವಿಧಿಯ ಒಂದೇ ವಾಕ್ಯದಲ್ಲಿ ಈಗಿನ ಮತ್ತು ಮುಂದಿನ ಪೀಳಿಗೆಗಳ ಹಿತವನ್ನೂ, ಎಲ್ಲ ದೇಶಗಳಿಗೂ ಸೇರಿದ್ದಾದರೂ ಭಿನ್ನ ಪ್ರಮಾಣದ ಹೊಣೆಯನ್ನೂ ಜೊತೆಗಿಟ್ಟಿರುವುದು ಇದಕ್ಕಾಗಿಯೇ. ಹೆಚ್ಚು ಬಳಸಿದವರು ಹೆಚ್ಚು ಹೊರಬೇಕು. ಇಷ್ಟಕ್ಕೂ ನಾಳೆಯ ಬಿಸಿಲು, ಬರ, ಪ್ರವಾಹಗಳನ್ನು ಮೊದಲು ಉಣ್ಣುವವರು ಇಂದಿನ ಬಡವರ ಮಕ್ಕಳೇ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದೇಶಗಳ ಆಗಿನ ವಾಗ್ದಾನಗಳ ಮಟ್ಟದಲ್ಲೇ ಮುಂದುವರಿದರೆ 2020ರಲ್ಲಿ ಹುಟ್ಟಿದ ಮಗು 1960ರಲ್ಲಿ ಹುಟ್ಟಿದವರಿಗಿಂತ ಏಳು ಪಟ್ಟಿನಷ್ಟು ಹೆಚ್ಚು ಉಷ್ಣ ಅಲೆಗಳನ್ನು ತನ್ನ ಜೀವಮಾನದಲ್ಲಿ ಎದುರಿಸುತ್ತದೆ.

ಇನ್ನೊಂದು ಅನ್ಯಾಯ ಕಡತಗಳೊಳಗೆ ನಡೆಯುತ್ತದೆ. ಸರ್ಕಾರಗಳು ಯೋಜನೆಯ ಲಾಭನಷ್ಟ ಲೆಕ್ಕ ಹಾಕುವಾಗ ಮುಂದೆ ಆಗುವ ನಷ್ಟವನ್ನು ವರ್ಷಕ್ಕಿಷ್ಟು ಶೇಕಡ ಎಂದು ಕಡಿತ ಮಾಡುತ್ತ ಇಂದಿನ ಬೆಲೆಗೆ ಇಳಿಸುತ್ತವೆ. ನೂರು ವರ್ಷದ ಮೇಲೆ ಆಗುವ 1,000 ಕೋಟಿಯ ನಷ್ಟವನ್ನು ಶೇ 7ರ ದರದಲ್ಲಿ ಇಳಿಸಿದರೆ ಇಂದಿನ ಲೆಕ್ಕಕ್ಕೆ ಸುಮಾರು 1.15 ಕೋಟಿ. ಶೇ 3ರಲ್ಲಿ ಸುಮಾರು 52 ಕೋಟಿ. ಶೇ 1ರಲ್ಲಿ ಸುಮಾರು 370 ಕೋಟಿ. ಅದೇ ನಷ್ಟ, ಅದೇ ಜನ. ದರವೊಂದನ್ನು ಬದಲಿಸಿದರೆ ಅವರು ಲೆಕ್ಕದಿಂದಲೇ ಮಾಯವಾಗುತ್ತಾರೆ. ಈ ದರವನ್ನು ಯಾರು, ಯಾವ ಆಧಾರದ ಮೇಲೆ ನಿಗದಿ ಮಾಡಿದರು ಎಂದು ನ್ಯಾಯಾಲಯದಲ್ಲಿ ಕೇಳುವುದು ಹಕ್ಕುಗಳ ಬಗ್ಗೆ ಭಾಷಣ ಮಾಡುವುದಕ್ಕಿಂತ ಎಷ್ಟೋ ಫಲಕಾರಿ.

ಅಂತರರಾಷ್ಟ್ರೀಯ ನ್ಯಾಯಾಲಯದ ಮಾತನ್ನೂ ಹೇಳಬೇಕು. 2019ರಲ್ಲಿ ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಶುರುಮಾಡಿದ ಒತ್ತಾಯವನ್ನು ವನುವಾಟು ಎಂಬ ಪುಟ್ಟ ದೇಶ ಕೈಗೆತ್ತಿಕೊಂಡು ವಿಶ್ವಸಂಸ್ಥೆಯ ಮಹಾಸಭೆಯ ತನಕ ಒಯ್ದಿತು. ಮಹಾಸಭೆ ಕೇಳಿದ ಪ್ರಶ್ನೆಯಲ್ಲೇ ಈಗಿನ ಮತ್ತು ಮುಂದಿನ ಪೀಳಿಗೆಗಳ ಉಲ್ಲೇಖವಿತ್ತು. 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದ ಅಭಿಪ್ರಾಯ ಕೊಟ್ಟಿತು: ಹವಾಮಾನವನ್ನು ಕಾಯುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ಅದನ್ನು ಮುರಿದರೆ ಹೊಣೆಗಾರಿಕೆ ಬರುತ್ತದೆ. ಪೀಳಿಗೆಗಳ ನಡುವಿನ ನ್ಯಾಯವನ್ನು ಅದು ಇತರ ನಿಯಮಗಳನ್ನು ಅರ್ಥೈಸಲು ದಾರಿ ತೋರುವ ತತ್ತ್ವವಾಗಿ ಕಂಡಿತು. ಅಭಿಪ್ರಾಯ ಯಾರನ್ನೂ ನೇರವಾಗಿ ಕಟ್ಟುಹಾಕುವುದಿಲ್ಲ, ಆದರೆ ದೇಶೀಯ ನ್ಯಾಯಾಲಯಗಳಲ್ಲಿ ವಕೀಲರು ಇನ್ನು ಇದನ್ನು ಮುಂದಿಟ್ಟೇ ವಾದಿಸುತ್ತಾರೆ.

ಯಾರು ಮಾತಾಡಬೇಕು ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈಗ ಮಾತಾಡುತ್ತಿರುವವರು ಮುಖ್ಯವಾಗಿ ಜೀವಂತ ಯುವಜನರು, ಅವರ ಹಿಂದೆ ಪಾಲಕರು ಮತ್ತು ಸಂಸ್ಥೆಗಳು. 2024ರ ಏಪ್ರಿಲ್ 9ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರ ಸಂಘದ ಪರ ತೀರ್ಪು ಕೊಟ್ಟಾಗ, ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ ಹಕ್ಕುಗಳು ಈಗ ಬದುಕಿರುವವರವು ಎಂದು ಹೇಳುತ್ತಲೇ, ಪೀಳಿಗೆಗಳ ನಡುವಿನ ಹೊರೆ ಹಂಚಿಕೆಯ ಕಾರಣದಿಂದ ಸಂಘಗಳಿಗೆ ದಾವೆ ಹೂಡುವ ಅವಕಾಶ ಇರಬೇಕು ಎಂದಿತು. ಅಜ್ಜಿಯರು ಗೆದ್ದ ಈ ಪ್ರಕರಣವನ್ನು ನೀವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಆದರೆ 2150ರಲ್ಲಿ ಬದುಕುವವರಿಗೆ ಈಗ ಯಾವ ಯುವ ಪ್ರತಿನಿಧಿಯೂ ಇಲ್ಲ. ಅವರಿಗಾಗಿ ಕಾಯಂ ಕಾವಲುಗಾರ ಬೇಕು. ಹಂಗರಿ 2008ರಲ್ಲಿ ಅಂಥ ಹುದ್ದೆಯನ್ನು ಗಟ್ಟಿ ಅಧಿಕಾರದೊಂದಿಗೆ ತುಂಬಿ, 2012ರಲ್ಲಿ ಅದನ್ನು ಉಪಾಯುಕ್ತರ ಮಟ್ಟಕ್ಕೆ ಇಳಿಸಿತು. ಇಸ್ರೇಲಿನ ಸಂಸತ್ತು 2001ರಲ್ಲಿ ನೇಮಿಸಿದ ಆಯುಕ್ತರ ಅವಧಿ 2006ರಲ್ಲಿ ಮುಗಿದ ಮೇಲೆ ಹೊಸಬರನ್ನು ನೇಮಿಸಲಿಲ್ಲ. ವೇಲ್ಸ್‌ನಲ್ಲಿ 2015ರ ಕಾಯ್ದೆಯಡಿ ಬಂದ ಆಯುಕ್ತರ ಹುದ್ದೆ ಉಳಿದಿದೆ. ಅವರಿಗೆ ತಡೆಯಾಜ್ಞೆ ಕೊಡುವ ಅಧಿಕಾರ ಇಲ್ಲ, ಆದರೆ ಅವರ ಶಿಫಾರಸಿಗೆ ಸರ್ಕಾರಿ ಸಂಸ್ಥೆಗಳು ಬಹಿರಂಗ ಉತ್ತರ ಕೊಡಬೇಕು. ಅಲ್ಲಿನ ಎಂ4 ಹೆದ್ದಾರಿಯ ದುಬಾರಿ ವಿಸ್ತರಣೆಯನ್ನು ಆಯುಕ್ತೆ ಸೋಫಿ ಹೋ ವಿರೋಧಿಸಿದ್ದರು. 2019ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಇಂಥ ಹುದ್ದೆಗಳು ಸಂವಿಧಾನದಲ್ಲೇ ಬೇರೂರದಿದ್ದರೆ ಮೊದಲ ಬಾರಿ ಸರ್ಕಾರಕ್ಕೆ ಕಿರಿಕಿರಿಯಾದಾಗಲೇ ಹೋಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಗೆದ್ದದ್ದರಿಂದ ಏನಾಯಿತು? ಮಿಶ್ರ ಫಲ. ನೆದರ್ಲೆಂಡ್ಸ್ 2020ರ ಗುರಿಯನ್ನು ಹೆಚ್ಚುಕಡಿಮೆ ಮುಟ್ಟಿತು, ಒಂದು ಕಲ್ಲಿದ್ದಲು ಸ್ಥಾವರವನ್ನು ಅವಧಿಗೆ ಮೊದಲೇ ಮುಚ್ಚಿತು. ಕೋವಿಡ್ ವರ್ಷವಾದದ್ದೂ ಅದಕ್ಕೆ ನೆರವಾಯಿತು. ಕೊಲಂಬಿಯದಲ್ಲಿ 25 ಮಂದಿ ಮಕ್ಕಳು ಮತ್ತು ಯುವಜನರು 2018ರಲ್ಲಿ ಅಮೆಜಾನ್ ಕಾಡಿನ ಪರವಾಗಿ ಭವ್ಯವಾದ ತೀರ್ಪು ಪಡೆದರು. ಪೀಳಿಗೆಗಳ ನಡುವಿನ ಒಡಂಬಡಿಕೆ ರೂಪಿಸಲು ನ್ಯಾಯಾಲಯ ಸರ್ಕಾರಕ್ಕೆ ತಿಂಗಳುಗಳ ಗಡುವು ಕೊಟ್ಟಿತು, ಆದರೆ ಕಾಡು ಕಡಿಯುವುದು ನಿಲ್ಲಲಿಲ್ಲ. ನಿರ್ದಿಷ್ಟ ಅಂಕಿ ಮತ್ತು ದಿನಾಂಕ ಕೇಳಿದ ತೀರ್ಪುಗಳು ಹೆಚ್ಚು ಪಾಲನೆಯಾಗಿವೆ, ವಿಶಾಲ ಘೋಷಣೆ ಮಾಡಿದವು ಕಡಿಮೆ.

ಕೊನೆಯದಾಗಿ, ನೀವು ಮಾಡಬಹುದಾದ ಕೆಲಸ. ದೊಡ್ಡ ಮೊಕದ್ದಮೆಗೆ ಹಣ, ವಕೀಲರು, ವರ್ಷಗಳು ಬೇಕು. ಆದರೆ ಯೋಜನೆಯೊಂದಕ್ಕೆ ಅನುಮತಿ ಕೊಡುವ ಮುನ್ನ ಬಹಳಷ್ಟು ದೇಶಗಳಲ್ಲಿ ಸಾರ್ವಜನಿಕ ಆಕ್ಷೇಪಣೆಗೆ ಅವಕಾಶವಿರುತ್ತದೆ, ಆ ಹಂತವನ್ನು ಬಿಡಬೇಡಿ. 2024ರ ಜೂನ್ 20ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, ತೈಲಬಾವಿಯ ಪರಿಸರ ಪರಿಣಾಮ ವರದಿಯಲ್ಲಿ ಆ ತೈಲವನ್ನು ಕೊನೆಗೆ ಉರಿಸಿದಾಗ ಹೊರಬೀಳುವ ಅನಿಲವನ್ನೂ ಲೆಕ್ಕಿಸಬೇಕಿತ್ತು ಎಂದು ಹೇಳಿ ಅನುಮತಿಯನ್ನು ರದ್ದು ಮಾಡಿತು. ಆ ಪ್ರಕರಣ ತಂದದ್ದು ಸ್ಥಳೀಯ ನಿವಾಸಿಯೊಬ್ಬರು. ನಿಮ್ಮ ಆಕ್ಷೇಪಣೆ ಲಿಖಿತವಾಗಿರಲಿ, ದಿನಾಂಕವಿರಲಿ, ಸ್ವೀಕೃತಿ ಪಡೆಯಿರಿ. ಅದರಲ್ಲಿ ನಾಲ್ಕು ಪ್ರಶ್ನೆ ಸಾಕು: ಈ ಯೋಜನೆ ಯಾವ ಇಸವಿಯವರೆಗೆ ನಡೆಯುತ್ತದೆ, ಅಷ್ಟರಲ್ಲಿ ಒಟ್ಟು ಎಷ್ಟು ಟನ್ ಅನಿಲ ಹೊರಬೀಳುತ್ತದೆ, ಅದು ದೇಶದ ಉಳಿದ ಬಾಬತ್ತಿನಲ್ಲಿ ಎಷ್ಟನೇ ಪಾಲು, ಮುಂದಿನ ನಷ್ಟವನ್ನು ಯಾವ ದರದಲ್ಲಿ ಇಳಿಸಿ ಲೆಕ್ಕ ಹಾಕಿದ್ದೀರಿ. ಉತ್ತರ ಬರದಿದ್ದರೂ ಪ್ರಶ್ನೆ ಕಡತದಲ್ಲಿ ಉಳಿಯುತ್ತದೆ. ಅಪಾಯ ಗೊತ್ತಿರಲಿಲ್ಲ ಎಂದು ಮುಂದೆ ಯಾರಾದರೂ ನ್ಯಾಯಾಲಯದಲ್ಲಿ ಹೇಳಿದಾಗ, ಗೊತ್ತಿತ್ತು ಎಂದು ತೋರಿಸಲು ಎದುರು ಪಕ್ಷದವರಿಗೆ ಆ ಹಾಳೆ ಬೇಕಾಗುತ್ತದೆ.